ಕ್ರೀಡಾ ವಿಜ್ಞಾನದ ಪ್ರಾಜೆಕ್ಟ್: ವಿಷಯಕ್ಕಿಂತ ಮೊದಲು ಅಳತೆ ನೋಡಿ

ಕ್ರೀಡೆ ಮತ್ತು ವ್ಯಾಯಾಮ ವಿಜ್ಞಾನ ಓದುವವರು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಕೂತಾಗ ಮೊದಲು ತಲೆ ಕೆಡಿಸಿಕೊಳ್ಳುವುದು ವಿಷಯದ ಬಗ್ಗೆ. ವಿಷಯ ಸಿಕ್ಕ ಮೇಲೆ ಆಟಗಾರರನ್ನು ಹುಡುಕುತ್ತಾರೆ. ಆಮೇಲೆ ಉಪಕರಣ. ಡೇಟಾ ಎಲ್ಲ ಕೈಗೆ ಬಂದ ಮೇಲೆ, ಇದಕ್ಕೆ ಯಾವ ಸ್ಟ್ಯಾಟಿಸ್ಟಿಕ್ಸ್ ಟೆಸ್ಟ್ ಹಾಕಬೇಕು ಅಂತ ಗೈಡ್ ಹತ್ತಿರ ಓಡುತ್ತಾರೆ. ಎಷ್ಟೋ ಪ್ರಾಜೆಕ್ಟ್‌ಗಳು ಸೋಲುವುದು ಈ ಕ್ರಮದಿಂದಲೇ. ವಿದ್ಯಾರ್ಥಿ ಕಷ್ಟಪಟ್ಟಿರುತ್ತಾರೆ, ಆಟಗಾರರು ಬೆವರು ಸುರಿಸಿರುತ್ತಾರೆ, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಆ ಅಳತೆಗೆ ಮೊದಲಿನಿಂದಲೂ ಇರುವುದಿಲ್ಲ.

ಹಾಗಾಗಿ ಈ ಲೇಖನ ಒಂದು ವಿಷಯವನ್ನು ಬಿಡದೆ ಹಿಡಿದುಕೊಂಡು ಹೋಗುತ್ತದೆ. ನಿಮ್ಮ ಕೈಲಿರುವ ಸಾಧನ ಎಷ್ಟು ಸಣ್ಣ ಬದಲಾವಣೆಯನ್ನು ಗುರುತಿಸಬಲ್ಲದು? ಇದು ಗೊತ್ತಾದರೆ ಪ್ರಶ್ನೆ, ಜನರ ಸಂಖ್ಯೆ, ವೇಳಾಪಟ್ಟಿ ಎಲ್ಲವೂ ಒಂದೊಂದಾಗಿ ಕೂಡಿಕೊಳ್ಳುತ್ತವೆ. ಉದಾಹರಣೆಗೆ ಒಂದೇ ಪ್ರಾಜೆಕ್ಟನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ: ವಾರ್ಮ್ ಅಪ್‌ನಲ್ಲಿ ಮಾಡುವ ಸ್ಟ್ರೆಚಿಂಗ್ ಮತ್ತು ಜಂಪ್ ಎತ್ತರ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಸ್ಟ್ರೆಚಿಂಗ್ ಮಾಡಿದರೆ ಆಟ ಸುಧಾರಿಸುತ್ತದೆಯೇ?" ಇದು ಪ್ರಶ್ನೆಯಂತೆ ಕಾಣುತ್ತದೆ, ಆದರೆ ಇದನ್ನು ಅಳೆಯಲು ಆಗುವುದಿಲ್ಲ. ಯಾವ ಸ್ಟ್ರೆಚಿಂಗ್? ಎಷ್ಟು ಹೊತ್ತು? ಯಾರಿಗೆ? ಆಟ ಅಂದರೆ ಓಟವೋ, ಜಂಪೋ, ಗೋಲೋ? ಒಂದೊಂದಕ್ಕೂ ಉತ್ತರ ಬರೆಯುತ್ತಾ ಹೋದರೆ ಪ್ರಶ್ನೆ ಹೀಗಾಗುತ್ತದೆ: "ಕಾಲೇಜು ಮಟ್ಟದ ಮಹಿಳಾ ವಾಲಿಬಾಲ್ ಆಟಗಾರರು ವಾರ್ಮ್ ಅಪ್‌ನ ಕೊನೆಗೆ ಪ್ರತಿ ಸ್ನಾಯುವನ್ನು 60 ಸೆಕೆಂಡ್ ಎಳೆದು ಹಿಡಿದರೆ, ಅಷ್ಟೇ ಹೊತ್ತು ಕೈಕಾಲು ಆಡಿಸುತ್ತಾ ಸ್ಟ್ರೆಚ್ ಮಾಡಿದಾಗಿನದಕ್ಕಿಂತ ಅವರ ಜಂಪ್ ಎತ್ತರ ಬೇರೆಯಾಗುತ್ತದೆಯೇ?" ಉದ್ದವಾಯಿತು, ನಿಜ. ಆದರೆ ನಾಳೆ ಬೆಳಿಗ್ಗೆ ಮೈದಾನದಲ್ಲಿ ಏನು ಮಾಡಬೇಕು ಅನ್ನುವುದು ಈ ಒಂದು ವಾಕ್ಯದಲ್ಲೇ ಇದೆ.

"ಇದನ್ನು ಈಗಾಗಲೇ ಬೇರೆಯವರು ಮಾಡಿದ್ದಾರಲ್ಲ" ಎಂದು ಹಿಂದೆ ಸರಿಯಬೇಡಿ. ಎಳೆದು ಹಿಡಿಯುವ ಸ್ಟ್ರೆಚಿಂಗ್ 60 ಸೆಕೆಂಡ್ ದಾಟಿದರೆ ಆ ಕ್ಷಣಕ್ಕೆ ಬಲ ಮತ್ತು ಜಂಪ್ ಸ್ವಲ್ಪ ಕುಗ್ಗುತ್ತದೆ, ಕಡಿಮೆ ಹೊತ್ತು ಮಾಡಿದರೆ ಆ ಪರಿಣಾಮ ಇನ್ನೂ ಸಣ್ಣದು ಎಂಬುದು ಬಹಳಷ್ಟು ಅಧ್ಯಯನಗಳಲ್ಲಿ ಕಂಡ ವಿಷಯ. ಗೊತ್ತಿರುವ ವಿಷಯವನ್ನು ಗೊತ್ತಿಲ್ಲದ ಗುಂಪಿನಲ್ಲಿ ನೋಡುವುದು ವಿದ್ಯಾರ್ಥಿ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದ ಕೆಲಸ. ಕ್ರೀಡಾ ವಿಜ್ಞಾನದ ಅಧ್ಯಯನಗಳಲ್ಲಿ ಮಹಿಳೆಯರು ತುಂಬಾ ಕಡಿಮೆ. ಆ ಕೊರತೆಯನ್ನು ತುಂಬುವ ಪ್ರಾಜೆಕ್ಟ್ ಚಿಕ್ಕದಾದರೂ ಬೆಲೆಯುಳ್ಳದ್ದು.

ಓದುವಾಗ ಪಬ್‌ಮೆಡ್ ಅಥವಾ ಗೂಗಲ್ ಸ್ಕಾಲರ್‌ನಲ್ಲಿ ಮೊದಲು ರಿವ್ಯೂ ಲೇಖನಗಳನ್ನು ಹುಡುಕಿ. ಆಮೇಲೆ ನಿಮ್ಮ ಪ್ರಶ್ನೆಗೆ ಹತ್ತಿರದ ಐದಾರು ಮೂಲ ಲೇಖನಗಳನ್ನು ಆರಿಸಿಕೊಂಡು, ತೀರ್ಮಾನ ಓದುವ ಮೊದಲು ವಿಧಾನದ ಭಾಗ ಓದಿ. ಎಷ್ಟು ಜನ, ಯಾವ ಉಪಕರಣ, ಸರಾಸರಿ ಎಷ್ಟು, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿಕೊಂಡಿವೆ ಎಂಬ ಅಳತೆ) ಎಷ್ಟು ಎಂದು ಒಂದು ಶೀಟ್‌ನಲ್ಲಿ ಬರೆದಿಡಿ. ಮುಂದೆ ಈ ಅಂಕಿಗಳು ಬೇಕೇ ಬೇಕು.

ಎರಡನೇ ಹೆಜ್ಜೆ: ಸಾಧನವನ್ನು ಪರೀಕ್ಷಿಸಿ

ಇಲ್ಲಿ ಸ್ವಲ್ಪ ನಿಂತು ನೋಡೋಣ.

ಜಂಪ್ ಎತ್ತರ ಅಳೆಯಲು ಫೋರ್ಸ್ ಪ್ಲೇಟ್ (ಪಾದ ನೆಲಕ್ಕೆ ಕೊಡುವ ಬಲವನ್ನು ಅಳೆಯುವ ಹಲಗೆ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಸಾಕು, ಆದರೆ ಹೇಗೆ ಬಳಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕಾಲು ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗಿನ ಸಮಯ ಸಿಕ್ಕರೆ ಎತ್ತರ ಲೆಕ್ಕ ಹಾಕಬಹುದು. ಸಮಯದ ವರ್ಗವನ್ನು 9.81ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಆಯಿತು. ಸಮಯ ಸೆಕೆಂಡಿನಲ್ಲಿದ್ದರೆ ಉತ್ತರ ಮೀಟರಿನಲ್ಲಿ ಬರುತ್ತದೆ. ಗಾಳಿಯಲ್ಲಿ 0.5 ಸೆಕೆಂಡ್ ಇದ್ದವರ ಜಂಪ್ ಸುಮಾರು 30.7 ಸೆಂ.ಮೀ.

ಈಗ ಅದೇ ಜಂಪನ್ನು ಮಾಮೂಲಿ ವಿಡಿಯೊದಲ್ಲಿ, ಅಂದರೆ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ತೆಗೆದಿದ್ದೀರಿ ಅಂದುಕೊಳ್ಳಿ. ಆಟಗಾರ್ತಿ ಗಾಳಿಯಲ್ಲಿದ್ದದ್ದು 15 ಫ್ರೇಮ್. ಎತ್ತರ 30.7 ಸೆಂ.ಮೀ. ಕಾಲು ನೆಲ ಬಿಟ್ಟದ್ದು ಯಾವ ಫ್ರೇಮ್‌ನಲ್ಲಿ ಎಂದು ನೋಡುವಾಗ ಒಂದೇ ಒಂದು ಫ್ರೇಮ್ ಆಚೀಚೆಯಾಗಿ 16 ಎಂದು ಎಣಿಸಿದರೆ? 34.9 ಸೆಂ.ಮೀ. ಒಂದು ಫ್ರೇಮ್‌ಗೆ 4 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ! ಅದೇ ಜಂಪನ್ನು ಸ್ಲೋ ಮೋಶನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್‌ನಲ್ಲಿ ತೆಗೆಯಿರಿ. 120 ಫ್ರೇಮ್ ಎಂದರೆ 30.7 ಸೆಂ.ಮೀ., 121 ಎಂದರೆ 31.2. ಒಂದು ಫ್ರೇಮ್ ತಪ್ಪಿದರೂ ಹೋಗುವುದು ಅರ್ಧ ಸೆಂ.ಮೀ. ಅಷ್ಟೆ.

ನೀವು ಹುಡುಕುತ್ತಿರುವ ಬದಲಾವಣೆ ಎಷ್ಟು ದೊಡ್ಡದು? ಕ್ರೀಡಾ ವಿಜ್ಞಾನದಲ್ಲಿ ಒಂದು ಸರಳ ಲೆಕ್ಕ ಬಳಕೆಯಲ್ಲಿದೆ. ಆಟಗಾರರ ನಡುವಿನ ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು 0.2ರಿಂದ ಗುಣಿಸಿದರೆ, ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಅತಿ ಸಣ್ಣ ಬದಲಾವಣೆ ಸಿಗುತ್ತದೆ. ತಂಡದ ಜಂಪ್‌ಗಳ ಡೀವಿಯೇಶನ್ 5 ಸೆಂ.ಮೀ. ಇದ್ದರೆ, ಅದು 1 ಸೆಂ.ಮೀ. ಈಗ 30 ಫ್ರೇಮ್‌ನ ವಿಡಿಯೊ ಇಟ್ಟುಕೊಂಡು 1 ಸೆಂ.ಮೀ. ಬದಲಾವಣೆ ಹುಡುಕುವುದು ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. 240 ಫ್ರೇಮ್ ಇದ್ದು, ಪ್ರತಿಯೊಬ್ಬರಿಂದ ಮೂರು ಜಂಪ್ ತೆಗೆದು ಸರಾಸರಿ ಮಾಡಿದರೆ ಕೆಲಸ ನಡೆಯುತ್ತದೆ.

ಫ್ರೇಮ್ ಒಂದೇ ಅಲ್ಲ, ಆಟಗಾರರ ದೇಹವೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಅದಕ್ಕೆ ಮುಖ್ಯ ಟೆಸ್ಟ್ ಶುರು ಮಾಡುವ ಮೊದಲೇ ಹತ್ತು ಹದಿನೈದು ಜನರನ್ನು ಎರಡು ಬೇರೆ ದಿನ, ಏನೂ ಬದಲಾಯಿಸದೆ ಅಳೆಯಿರಿ. ಪ್ರತಿಯೊಬ್ಬರ ಎರಡನೇ ದಿನದ ಅಳತೆಯಿಂದ ಮೊದಲ ದಿನದ್ದನ್ನು ಕಳೆದು ಬರೆದು, ಆ ವ್ಯತ್ಯಾಸಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದು, 2ರ ವರ್ಗಮೂಲದಿಂದ ಅಂದರೆ 1.41ರಿಂದ ಭಾಗಿಸಿ. ಇದು ನಿಮ್ಮ ಟೆಸ್ಟಿನ ಸಹಜ ತಪ್ಪು. ಡೀವಿಯೇಶನ್ 2.1 ಬಂದರೆ ಸಹಜ ತಪ್ಪು ಸುಮಾರು 1.5 ಸೆಂ.ಮೀ. ಒಬ್ಬಳೇ ಆಟಗಾರ್ತಿಯ ಜಂಪ್ 1 ಸೆಂ.ಮೀ. ಏರಿತು ಅಂತ ಈ ಅಳತೆಯಿಂದ ಹೇಳಲು ಆಗುವುದಿಲ್ಲ. ಆದರೆ ಸಾಕಷ್ಟು ಜನರ ಸರಾಸರಿಯಲ್ಲಿ ಆ 1 ಸೆಂ.ಮೀ. ಕಾಣಬಹುದು. ಈ ಒಂದು ಅಂಕಿ ಸ್ವಂತ ಕೈಯಿಂದ ತೆಗೆದ ವಿದ್ಯಾರ್ಥಿ ವೈವಾದಲ್ಲಿ ಧೈರ್ಯವಾಗಿ ಮಾತಾಡಬಹುದು.

ಇದೇ ಮಾತು ಬೇರೆ ಟೆಸ್ಟ್‌ಗಳಿಗೂ ಅನ್ವಯ. ಸ್ಟಾಪ್‌ವಾಚ್‌ನಲ್ಲಿ ಸ್ಪ್ರಿಂಟ್ ಅಳೆದರೆ, ಹೊರಟದ್ದನ್ನು ಕಂಡು ಬೆರಳು ಒತ್ತುವ ಹೊತ್ತಿಗೆ ಸುಮಾರು 0.2 ಸೆಕೆಂಡ್ ಹೋಗಿರುತ್ತದೆ. ಗುರಿ ಮುಟ್ಟುವುದನ್ನು ಮೊದಲೇ ಊಹಿಸಿ ಒತ್ತುತ್ತೇವೆ. ಹಾಗಾಗಿ ಸ್ಟಾಪ್‌ವಾಚ್‌ನ ಸಮಯ ಸಾಮಾನ್ಯವಾಗಿ ಕಡಿಮೆ ಬರುತ್ತದೆ. 10 ಮೀಟರ್ ಸ್ಪ್ರಿಂಟ್‌ಗೆ ಅದು ಪ್ರಯೋಜನವಿಲ್ಲ. ಗರಿಷ್ಠ ಹೃದಯ ಬಡಿತಕ್ಕೆ "220ರಿಂದ ವಯಸ್ಸು ಕಳೆಯಿರಿ" ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೆ ಒಬ್ಬೊಬ್ಬರಲ್ಲಿ ಅದು ಹತ್ತು ಹನ್ನೆರಡು ಬಡಿತ ಸುಲಭವಾಗಿ ತಪ್ಪಬಹುದು. ಆ ಸೂತ್ರದ ಮೇಲೆ ವ್ಯಾಯಾಮದ ತೀವ್ರತೆ ನಿಗದಿ ಮಾಡಿದರೆ, ಒಬ್ಬರಿಗೆ ಸುಲಭವಾದದ್ದು ಇನ್ನೊಬ್ಬರಿಗೆ ಏದುಸಿರು ಬರಿಸುತ್ತದೆ.

ಉಪಕರಣವೇ ಇಲ್ಲ ಅನ್ನುವವರಿಗೂ ದಾರಿ ಇದೆ. ಎಷ್ಟು ಕಷ್ಟವಾಯಿತು ಎಂದು ಆಟಗಾರರಿಂದಲೇ ಅಂಕ ಹೇಳಿಸುವ ಬೋರ್ಗ್ ಸ್ಕೇಲ್‌ಗೆ ಒಂದು ಹಾಳೆ ಸಾಕು. ಅದರ 6ರಿಂದ 20ರ ಅಂಕಗಳನ್ನು 10ರಿಂದ ಗುಣಿಸಿದರೆ ಹೃದಯ ಬಡಿತದ ಆಸುಪಾಸಿಗೆ ಬರುವಂತೆ ಮಾಡಿದ್ದಾರೆ. 10ರವರೆಗಿನ ಸ್ಕೇಲ್ ಬಳಸಿ, ಆ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ಆ ದಿನದ ತರಬೇತಿಯ ಹೊರೆ ಸಿಗುತ್ತದೆ. 20 ಮೀಟರ್ ಶಟಲ್ ಓಟಕ್ಕೆ ಬೇಕಾಗುವುದು ಅಳತೆ ಪಟ್ಟಿ, ಕೋನ್‌ಗಳು ಮತ್ತು ಬೀಪ್ ಶಬ್ದ. ಗಂಟೆಗೆ 8.5 ಕಿ.ಮೀ.ನಲ್ಲಿ ಶುರುವಾಗಿ ನಿಮಿಷಕ್ಕೆ ಅರ್ಧ ಕಿ.ಮೀ. ವೇಗ ಏರುತ್ತದೆ. ಇವು ಬಡವರ ಉಪಕರಣಗಳಲ್ಲ. ದೊಡ್ಡ ದೊಡ್ಡ ಅಧ್ಯಯನಗಳಲ್ಲೂ ಇವೇ ಬಳಕೆಯಲ್ಲಿವೆ.

ಮೂರನೇ ಹೆಜ್ಜೆ: ಯಾರನ್ನು ಯಾರಿಗೆ ಹೋಲಿಸುತ್ತೀರಿ?

ವಿದ್ಯಾರ್ಥಿಗಳು ಹೆಚ್ಚಾಗಿ ಮಾಡುವ ಪ್ರಾಜೆಕ್ಟ್ ಇದು: ಒಂದು ತಂಡ, ಮೊದಲು ಟೆಸ್ಟ್, ಆರು ವಾರ ತರಬೇತಿ, ಮತ್ತೆ ಟೆಸ್ಟ್. ಅಂಕ ಏರುತ್ತದೆ. ತರಬೇತಿಯಿಂದ ಏರಿತು ಅಂತ ಬರೆಯುತ್ತಾರೆ. ಆದರೆ ಎರಡನೇ ಸಲ ಟೆಸ್ಟ್ ಮಾಡುವಾಗ ಅದರ ಪರಿಚಯ ಇರುತ್ತದೆ, ಅಷ್ಟಕ್ಕೇ ಅಂಕ ಏರಬಹುದು. ಆ ಆರು ವಾರ ತಂಡದ ಮಾಮೂಲಿ ಅಭ್ಯಾಸವೂ ನಡೆದಿರುತ್ತದೆ. ಇನ್ನೊಂದಿದೆ: ಮೊದಲ ಟೆಸ್ಟ್‌ನಲ್ಲಿ ತೀರಾ ಕಡಿಮೆ ಬಂದವರನ್ನೇ ಆರಿಸಿಕೊಂಡರೆ, ಏನೂ ಮಾಡದಿದ್ದರೂ ಅವರ ಎರಡನೇ ಅಂಕ ಸರಾಸರಿಯ ಕಡೆಗೆ ಬರುತ್ತದೆ. ಏಕೆಂದರೆ ಮೊದಲ ದಿನ ಅವರಲ್ಲಿ ಕೆಲವರಿಗೆ ಸುಮ್ನೆ ದಿನ ಚೆನ್ನಾಗಿರಲಿಲ್ಲ. ಕಂಟ್ರೋಲ್ ಗುಂಪು, ಅಂದರೆ ಆ ತರಬೇತಿ ಇಲ್ಲದೆ ಟೆಸ್ಟ್ ಮಾತ್ರ ಮಾಡುವ ಗುಂಪು, ಇಲ್ಲದೆ ಇವನ್ನು ಬೇರ್ಪಡಿಸಲು ದಾರಿಯಿಲ್ಲ.

ನಮ್ಮ ಸ್ಟ್ರೆಚಿಂಗ್ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಇದೆ. ಪ್ರತಿಯೊಬ್ಬರೂ ಎರಡೂ ಬಗೆಯ ವಾರ್ಮ್ ಅಪ್ ಮಾಡಲಿ, ಬೇರೆ ಬೇರೆ ದಿನ. ಅರ್ಧ ಜನ ಮೊದಲು ಎಳೆದು ಹಿಡಿಯುವುದು, ಇನ್ನರ್ಧ ಮೊದಲು ಆಡಿಸುವುದು. ಯಾರು ಯಾವುದು ಮೊದಲು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಸ್ನೇಹಿತರನ್ನೆಲ್ಲ ಒಂದೇ ಕಡೆ ಹಾಕಬೇಡಿ. ಇದನ್ನು ಕ್ರಾಸ್ ಓವರ್ ಎನ್ನುತ್ತಾರೆ. ಇಲ್ಲಿ ಆಟಗಾರ್ತಿ ತನಗೆ ತಾನೇ ಹೋಲಿಕೆ, ಹಾಗಾಗಿ ಕಡಿಮೆ ಜನ ಸಾಕು. ಎರಡು ದಿನಗಳ ನಡುವೆ 48 ಗಂಟೆಯಾದರೂ ಇರಲಿ. ಎಲ್ಲರೂ ಒಂದೇ ಹೊತ್ತಿಗೆ ಬರಲಿ ಅಂತಲ್ಲ, ಒಬ್ಬೊಬ್ಬಳೂ ಎರಡೂ ದಿನ ತನ್ನ ಅದೇ ಹೊತ್ತಿಗೆ ಬರಲಿ. ಜಂಪ್‌ನಂಥ ಟೆಸ್ಟ್‌ಗಳಲ್ಲಿ ಬೆಳಿಗ್ಗೆಗಿಂತ ಸಂಜೆ ಸಾಮರ್ಥ್ಯ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಇರುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಅಳೆದರೆ ನೀವು ಸ್ಟ್ರೆಚಿಂಗ್ ಅಲ್ಲ, ಗಡಿಯಾರವನ್ನು ಅಳೆದಂತೆ. ಅದೇ ಶೂ, ಅದೇ ನೆಲ, ಹಿಂದಿನ ದಿನ ಭಾರಿ ಅಭ್ಯಾಸ ಬೇಡ. ಕಾಫಿ ಟೀ ಬಗ್ಗೆಯೂ ಮೊದಲೇ ಹೇಳಿಬಿಡಿ, ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು.

ಆರು ವಾರದ ತರಬೇತಿಯ ಪರಿಣಾಮ ನೋಡಲು ಮಾತ್ರ ಕ್ರಾಸ್ ಓವರ್ ಹೊಂದುವುದಿಲ್ಲ. ಒಮ್ಮೆ ಬಂದ ಬಲ ಎರಡು ದಿನದಲ್ಲಿ ಹೋಗುವುದಿಲ್ಲವಲ್ಲ. ಅಲ್ಲಿ ಎರಡು ಗುಂಪೇ ಬೇಕು.

ನಾಲ್ಕನೇ ಹೆಜ್ಜೆ: ಎಷ್ಟು ಜನ?

"30 ಜನ ಇದ್ದರೆ ಸಾಕು" ಎಂಬ ಮಾತು ಕೇಳಿರುತ್ತೀರಿ. ಅದನ್ನು ಮರೆತುಬಿಡಿ. ಸಂಖ್ಯೆ ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. ಮಧ್ಯಮ ಗಾತ್ರದ ಪರಿಣಾಮ, ಅಂದರೆ ವ್ಯತ್ಯಾಸ ಸ್ಟ್ಯಾಂಡರ್ಡ್ ಡೀವಿಯೇಶನ್‌ನ 0.5ರಷ್ಟು ಇದ್ದು, 80 ಶೇಕಡಾ ಪವರ್ (ಪರಿಣಾಮ ನಿಜವಾಗಿ ಇದ್ದಾಗ ಅದು ಟೆಸ್ಟ್‌ನಲ್ಲಿ ಕಾಣುವ ಸಾಧ್ಯತೆ) ಬೇಕೆಂದರೆ, ಎರಡು ಬೇರೆ ಗುಂಪುಗಳನ್ನು ಹೋಲಿಸಲು ಒಂದೊಂದರಲ್ಲಿ 64, ಒಟ್ಟು 128 ಜನ ಬೇಕು. ಕ್ರಾಸ್ ಓವರ್‌ನಲ್ಲಿ ಒಬ್ಬೊಬ್ಬರ ಎರಡು ಅಂಕಗಳ ವ್ಯತ್ಯಾಸದ ಮೇಲೆ ಅದೇ 0.5 ಲೆಕ್ಕ ಹಾಕಿದರೆ 34 ಜನ ಸಾಕು. ಪರಿಣಾಮ 0.8 ಇದ್ದರೆ 15. ಈ ಲೆಕ್ಕ ಮಾಡಲು ಜಿ ಪವರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದಕ್ಕೆ ಕೊಡಬೇಕಾದ ಅಂಕಿಗಳು ನೀವು ಆಗಲೇ ಶೀಟ್‌ನಲ್ಲಿ ಬರೆದಿಟ್ಟವು ಮತ್ತು ನೀವೇ ಅಳೆದ ಸಹಜ ತಪ್ಪು.

ತಂಡದಲ್ಲಿ ಇರುವುದೇ 14 ಜನ ಆದರೆ? ಸುಳ್ಳು ಲೆಕ್ಕ ಹಾಕಬೇಡಿ. ಇಷ್ಟು ಜನರಿಂದ ಎಷ್ಟು ದೊಡ್ಡ ಪರಿಣಾಮ ಮಾತ್ರ ಕಾಣಬಹುದು ಎಂದು ಬರೆಯಿರಿ, ಇನ್ನೊಂದು ತಂಡವನ್ನೂ ಕೇಳಿ ನೋಡಿ, ಅಥವಾ ಪ್ರಶ್ನೆಯನ್ನೇ ಬದಲಿಸಿ. "ಈ ಮೊಬೈಲ್ ವಿಧಾನ ಫೋರ್ಸ್ ಪ್ಲೇಟ್‌ಗೆ ಎಷ್ಟು ಹೊಂದುತ್ತದೆ?" ಎಂಬುದೂ ಒಳ್ಳೆಯ ಪ್ರಾಜೆಕ್ಟೇ. ಹಾಗೆ ಮಾಡಿದರೆ ಬರೀ ಕೋರಿಲೇಶನ್ (ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಂಕಿ) ಕೊಟ್ಟು ಮುಗಿಸಬೇಡಿ. ಒಂದು ಸಾಧನ ಯಾವಾಗಲೂ 5 ಸೆಂ.ಮೀ. ಜಾಸ್ತಿ ತೋರಿಸಿದರೂ ಕೋರಿಲೇಶನ್ 1 ಬರಬಹುದು. ಎರಡು ಅಳತೆಗಳ ವ್ಯತ್ಯಾಸವನ್ನೇ ಗ್ರಾಫ್‌ನಲ್ಲಿ ತೋರಿಸುವ ಬ್ಲಾಂಡ್ ಆಲ್ಟ್‌ಮನ್ ವಿಧಾನ 1986ರಿಂದ ಹೆಸರಾಗಿದೆ, ಅದನ್ನು ಬಳಸಿ.

ಐದನೇ ಹೆಜ್ಜೆ: ಒಪ್ಪಿಗೆ

ಎಥಿಕ್ಸ್ ಕಮಿಟಿಯ ಅನುಮತಿ ಮೊದಲ ಅಳತೆಗಿಂತ, ಅಂದರೆ ಎರಡನೇ ಹೆಜ್ಜೆಯಲ್ಲಿ ಹೇಳಿದ ಎರಡು ದಿನದ ಅಳತೆಗಿಂತಲೂ ಮುಂಚೆಯೇ ಕೈಯಲ್ಲಿರಬೇಕು. ಆಮೇಲೆ ತೆಗೆದುಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ, ಆ ಡೇಟಾ ಬಳಸಲು ಬರುವುದಿಲ್ಲ. ಇದನ್ನು ಬರೀ ಕಾಗದದ ಕೆಲಸ ಅಂದುಕೊಳ್ಳಬೇಡಿ. ಮನುಷ್ಯರ ಮೇಲಿನ ಸಂಶೋಧನೆಗೆ ದಾರಿ ತೋರಿಸುವ ಹೆಲ್ಸಿಂಕಿ ಘೋಷಣೆ 1964ರಲ್ಲಿ ಬಂತು. ಅದರ ಜೀವಾಳ ಇಷ್ಟೇ: ಏನು ಮಾಡುತ್ತೀರಿ, ಏನು ಅಪಾಯ ಎಂದು ತಿಳಿಸಿ, ಬೇಡ ಅನ್ನುವ ಹಕ್ಕನ್ನು ಅವರಿಗೆ ಬಿಡಿ.

ಆಟದಲ್ಲಿ ಈ ಹಕ್ಕು ಸುಲಭವಾಗಿ ಕಳೆದುಹೋಗುತ್ತದೆ. ಕೋಚ್ ಮುಂದೆ ನಿಂತು "ಯಾರ್ಯಾರು ಬರ್ತೀರಿ?" ಎಂದು ಕೇಳಿದರೆ ಯಾವ ಆಟಗಾರ ಕೈ ಎತ್ತದೆ ಇರುತ್ತಾನೆ? ಮುಂದಿನ ಪಂದ್ಯದಲ್ಲಿ ಜಾಗ ಕೊಡುವವರು ಅವರೇ ಅಲ್ವಾ? ಕೋಚ್ ಅನುಮತಿ ಬೇರೆ, ಆಟಗಾರರ ಒಪ್ಪಿಗೆ ಬೇರೆ. ಕೋಚ್ ಇಲ್ಲದ ಹೊತ್ತಿನಲ್ಲಿ ಮಾತಾಡಿ, ಮಾಹಿತಿ ಹಾಳೆ ಕೊಟ್ಟು ಒಂದು ದಿನ ಯೋಚಿಸಲು ಬಿಡಿ, ಯಾರು ಒಪ್ಪಿದರು ಯಾರು ಇಲ್ಲ ಎಂದು ಕೋಚ್‌ಗೆ ಹೇಳಬೇಡಿ. 18 ತುಂಬದವರಾದರೆ ತಂದೆ ತಾಯಿಯ ಸಹಿ ಬೇಕು, ಜೊತೆಗೆ ಆ ಹುಡುಗ ಹುಡುಗಿಯರ ಸ್ವಂತ ಒಪ್ಪಿಗೆಯೂ ಬೇಕು. ವ್ಯಾಯಾಮಕ್ಕೆ ಮೊದಲು ಎದೆನೋವು, ತಲೆಸುತ್ತು, ಹೃದಯದ ತೊಂದರೆ, ಗಾಯ ಇವನ್ನು ಕೇಳುವ ಆರೋಗ್ಯದ ಪ್ರಶ್ನಾವಳಿ ತುಂಬಿಸಿ. ಅದರಲ್ಲಿ ಒಂದಕ್ಕೆ ಹೌದು ಎಂದು ಬಂದರೂ ವೈದ್ಯರ ಮಾತು ಕೇಳದೆ ಟೆಸ್ಟ್ ಮಾಡಿಸಬೇಡಿ. ಪ್ರಥಮ ಚಿಕಿತ್ಸೆ ಬಲ್ಲವರು ಒಬ್ಬರು ಅಲ್ಲೇ ಇರಲಿ.

ಆರನೇ ಹೆಜ್ಜೆ: ಪೈಲಟ್

ಇಬ್ಬರು ಮೂವರನ್ನು ಕರೆದು ಇಡೀ ಟೆಸ್ಟನ್ನು ಒಮ್ಮೆ ನಡೆಸಿ. ಸ್ಟ್ರೆಚಿಂಗ್ ಮುಗಿದು ಜಂಪ್‌ಗೆ ಬರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ನೋಡಿ. ಒಬ್ಬರಿಗೆ 2 ನಿಮಿಷ, ಸಾಲಿನಲ್ಲಿ ಕೊನೆಗೆ ನಿಂತವರಿಗೆ 12 ನಿಮಿಷ ಆದರೆ ಇಬ್ಬರ ಅಂಕಗಳು ಒಂದೇ ಪ್ರಶ್ನೆಗೆ ಉತ್ತರವಲ್ಲ. ಒಬ್ಬೊಬ್ಬರನ್ನು ಹತ್ತು ನಿಮಿಷ ಬಿಟ್ಟು ಬಿಟ್ಟು ಕರೆಯಬೇಕು ಎಂದು ಗೊತ್ತಾಗುವುದು ಇಲ್ಲೇ. ಮೊಬೈಲನ್ನು ನೆಲದ ಹತ್ತಿರ, ಪಾದ ಕಾಣುವಂತೆ ಸ್ಟ್ಯಾಂಡ್‌ನಲ್ಲಿ ಇಡಿ, ಕೈಯಲ್ಲಿ ಹಿಡಿಯಬೇಡಿ. ಕೆಲವು ಫೋನ್‌ಗಳು 240 ಎಂದು ಹೇಳಿದರೂ ಫ್ರೇಮ್ ವೇಗವನ್ನು ನಡುನಡುವೆ ಬದಲಾಯಿಸುತ್ತವೆ, ಫೈಲ್ ಕಳಿಸುವಾಗ 30ಕ್ಕೆ ಇಳಿಸಿಬಿಡುತ್ತವೆ. ಫೈಲ್‌ನ ವಿವರ ತೆರೆದು ಖಾತ್ರಿ ಮಾಡಿಕೊಳ್ಳಿ. ಇಳಿಯುವಾಗ ಮಂಡಿ ಮಡಚಿಕೊಂಡರೆ ಗಾಳಿಯಲ್ಲಿರುವ ಸಮಯ ಸುಳ್ಳುಸುಳ್ಳೇ ಹೆಚ್ಚುತ್ತದೆ. ಪಾದ ನೆಲ ಮುಟ್ಟುವವರೆಗೂ ಮಂಡಿ ನೇರವಾಗಿರಬೇಕು, ಮುಟ್ಟಿದ ಮೇಲಷ್ಟೇ ಮಡಚಬೇಕು, ಎರಡೂ ಕೈ ಸೊಂಟದ ಮೇಲಿರಬೇಕು ಎಂದು ಕಲಿಸಿ, ಟೆಸ್ಟ್‌ಗೆ ಮೊದಲು ಒಂದು ದಿನ ಅಭ್ಯಾಸಕ್ಕೇ ಇಡಿ.

ಏಳನೇ ಹೆಜ್ಜೆ: ಶೀಟ್ ಮತ್ತು ಲೆಕ್ಕ

ಒಂದು ಜಂಪ್‌ಗೆ ಒಂದು ಸಾಲು. ಆಟಗಾರ್ತಿಯ ಹೆಸರು ಬೇಡ, ಕೋಡ್ ಇರಲಿ. ಹೆಸರು ಮತ್ತು ಕೋಡ್ ಇರುವ ಪಟ್ಟಿ ಬೇರೆ ಕಡೆ, ಪಾಸ್‌ವರ್ಡ್ ಹಾಕಿ ಇಡಿ. ದಿನಾಂಕ, ಸಮಯ, ಎಷ್ಟನೇ ಜಂಪ್, ನೆಲ ಬಿಟ್ಟ ಫ್ರೇಮ್, ನೆಲ ಮುಟ್ಟಿದ ಫ್ರೇಮ್, ಟಿಪ್ಪಣಿ. ಬರೀ ಎತ್ತರ ಬರೆದಿಟ್ಟರೆ ಮುಂದೆ ಅನುಮಾನ ಬಂದಾಗ ಹಿಂದೆ ಹೋಗಿ ನೋಡಲು ಏನೂ ಇರುವುದಿಲ್ಲ.

ಇನ್ನೊಂದು ಸಣ್ಣ ಕೆಲಸ, ಇದನ್ನು ಬಿಡಬೇಡಿ. ಫ್ರೇಮ್ ಎಣಿಸುವ ಮೊದಲು ಒಬ್ಬ ಸ್ನೇಹಿತರ ಕೈಗೆ ವಿಡಿಯೊ ಕೊಟ್ಟು, ಫೈಲ್ ಹೆಸರುಗಳನ್ನು ಅಂಕಿಗಳಿಗೆ ಬದಲಿಸಿ ಕಲಸಿಬಿಡಲು ಹೇಳಿ. ಯಾವ ವಿಡಿಯೊ ಯಾವ ವಾರ್ಮ್ ಅಪ್‌ನದ್ದು ಎಂದು ನಿಮಗೆ ಗೊತ್ತಿರಬಾರದು. ನಮಗೆ ಬೇಕಾದ ಉತ್ತರದ ಕಡೆಗೆ ಕಣ್ಣು ಒಂದು ಫ್ರೇಮ್ ವಾಲುವುದು ನಮಗೇ ತಿಳಿಯುವುದಿಲ್ಲ.

ಯಾವ ಲೆಕ್ಕ ಮಾಡುತ್ತೀರಿ ಎಂಬುದನ್ನು ಡೇಟಾ ಬರುವ ಮೊದಲೇ ಬರೆದು ಗೈಡ್‌ಗೆ ಕಳಿಸಿ. ಮೂರು ಜಂಪ್‌ಗಳ ಸರಾಸರಿಯೋ, ಅತಿ ಎತ್ತರದ್ದೋ? ಎರಡನೇ ದಿನ ಬಾರದವರನ್ನು ಏನು ಮಾಡುತ್ತೀರಿ? ಈ ಕ್ರಾಸ್ ಓವರ್‌ಗೆ ಪೇರ್ಡ್ ಟಿ ಟೆಸ್ಟ್ (ಒಬ್ಬೊಬ್ಬರ ಎರಡು ಅಂಕಗಳನ್ನು ಹೋಲಿಸುವ ಲೆಕ್ಕ) ಸಾಕು, ಜಮೋವಿ ಅಥವಾ ಜಾಸ್ಪ್ ಎಂಬ ಸಾಫ್ಟ್‌ವೇರ್‌ನಲ್ಲಿ ದುಡ್ಡಿಲ್ಲದೆ ಮಾಡಬಹುದು. ಫಲಿತಾಂಶದಲ್ಲಿ ಪಿ ಬೆಲೆ (ಪರಿಣಾಮ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಬರುವ ಸಾಧ್ಯತೆ) ಒಂದನ್ನೇ ಹಿಡಿದು ಕೂರಬೇಡಿ. ಸರಾಸರಿ ವ್ಯತ್ಯಾಸ ಎಷ್ಟು ಸೆಂ.ಮೀ., ಅದರ 95 ಶೇಕಡಾ ಕಾನ್ಫಿಡೆನ್ಸ್ ಇಂಟರ್ವಲ್ (ನಿಮ್ಮ ಡೇಟಾಗೆ ಹೊಂದುವ ವ್ಯತ್ಯಾಸಗಳ ವ್ಯಾಪ್ತಿ) ಎಲ್ಲಿಂದ ಎಲ್ಲಿಗೆ ಎಂದು ಬರೆಯಿರಿ. ಆ ಇಂಟರ್ವಲ್ ಪಕ್ಕ ನಿಮ್ಮ 1 ಸೆಂ.ಮೀ. ಇಟ್ಟು ನೋಡಿ. ಇಂಟರ್ವಲ್ ಸೊನ್ನೆಯನ್ನೂ 2 ಸೆಂ.ಮೀ. ಅನ್ನೂ ಒಳಗೊಂಡಿದ್ದರೆ "ಪರಿಣಾಮ ಇಲ್ಲ" ಎಂದು ಬರೆಯುವುದು ತಪ್ಪು, "ಹೇಳಲು ಈ ಡೇಟಾ ಸಾಲದು" ಎಂಬುದೇ ಸರಿ. ಒಬ್ಬೊಬ್ಬ ಆಟಗಾರ್ತಿಗೆ ಒಂದು ಗೆರೆ ಎಳೆದ ಗ್ರಾಫ್ ಹಾಕಿ, ಸರಾಸರಿ ಮುಚ್ಚಿಡುವುದೆಲ್ಲ ಅದರಲ್ಲಿ ಕಾಣುತ್ತದೆ.

ಸಂದರ್ಶನ ಆಧಾರಿತ ಪ್ರಾಜೆಕ್ಟ್ ಮಾಡುವವರಿಗೂ ಹೆಜ್ಜೆಗಳು ಬಹುಪಾಲು ಇವೇ. ಗಾಯವಾದ ಮೇಲೆ ಆಟಕ್ಕೆ ಮರಳುವವರ ಭಯವನ್ನು ಸೆಕೆಂಡ್, ಸೆಂ.ಮೀ.ನಲ್ಲಿ ಹಿಡಿಯಲಾಗದು, ಅಲ್ಲಿ ನಿಮ್ಮ ಪ್ರಶ್ನೆಗಳೇ ಸಾಧನ. ಅವನ್ನೂ ಪೈಲಟ್ ಮಾಡಿ, ರೆಕಾರ್ಡಿಂಗ್ ಕೇಳಿ, ಉತ್ತರವನ್ನು ನೀವೇ ಬಾಯಿಗೆ ತುರುಕಿದ ಜಾಗಗಳನ್ನು ತಿದ್ದಿ.

ವರದಿ ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಪೈಲಟ್ ಮುಗಿದ ವಾರವೇ ವಿಧಾನದ ಭಾಗ ಬರೆದುಬಿಡಿ, ಎಲ್ಲ ನೆನಪಿರುತ್ತದೆ. ಗೈಡ್‌ಗೆ ಕೊಡುವ ಮೊದಲು, ಪ್ರಾಜೆಕ್ಟ್‌ಗೆ ಸಂಬಂಧವೇ ಇಲ್ಲದ ಸಹಪಾಠಿಯೊಬ್ಬರಿಗೆ ಆ ಪುಟಗಳನ್ನು ಕೊಟ್ಟು, ಅದನ್ನಷ್ಟೇ ಓದಿ ಒಂದು ಟೆಸ್ಟ್ ನಡೆಸಲು ಹೇಳಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ಒಂದು ಸಾಲು ಸೇರಿಸಿ. ಫಲಿತಾಂಶ ಬಂದ ಮೇಲೆ ಪ್ರತಿ ಆಟಗಾರ್ತಿಗೂ ಅವರವರ ಅಂಕ ಮತ್ತು ತಂಡದ ಸರಾಸರಿ ಇರುವ ಒಂದು ಪುಟ ತಲುಪಿಸಿ, ಅದರಲ್ಲಿ ಆ ಟೆಸ್ಟಿನ ಸಹಜ ತಪ್ಪನ್ನೂ ಬರೆಯಿರಿ.